ಕಾಯಕದ ಉಪಕರಣಕ್ಕೂ ಒಂದು ನೆಲೆ ಬೇಕು

12ನೆಯ ಶತಮಾನದ ಶರಣರಲ್ಲಿ ಬಡಗಿಯ ಕಾಯಕವನ್ನು ಕೈಕೊಂಡಿದ್ದ ಬಾಚಿಕಾಯಕದ ಬಸವಣ್ಣನವರ ಹೆಸರಿನಲ್ಲಿಯೇ ಅವರ ಉಪಕರಣವಿದೆ. ಅವರ ಧರ್ಮಪತ್ನಿ ಕಾಳವ್ವೆಯವರೂ ವಚನಕಾರ್ತಿಯರಾಗಿದ್ದರು. ಮರ ಕೆತ್ತುವ ಬಾಚಿಯೊಂದು ಶರಣರೊಬ್ಬರ ಗುರುತಾಗಿ ಉಳಿದುಬಂದಿರುವುದನ್ನು ನೆನೆದಾಗ, ದುಡಿಮೆಯ ಸಾಧನಕ್ಕೆ ನಮ್ಮ ಪರಂಪರೆಯು ಕೊಟ್ಟ ಗೌರವವು ಮನವರಿಕೆಯಾಗುತ್ತದೆ.

ಇಂದು ಬಾಚಿ, ಉಳಿ, ಉಜ್ಜುಗೊರಡುಗಳ ಪಕ್ಕದಲ್ಲಿ ಬ್ಯಾಟರಿಯಿಂದ ನಡೆಯುವ ಡ್ರಿಲ್, ಸ್ಕ್ರೂ ಡ್ರೈವರ್, ಗರಗಸ, ಗ್ರೈಂಡರ್‌ಗಳು ಬಂದು ಸೇರಿವೆ. ತಂತಿಯ ಹಂಗಿಲ್ಲದ ಇಂತಹ ಡ್ರಿಲ್ಲನ್ನು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಯು 1961ರಲ್ಲಿ ಹೊರತಂದಿತು. ಅಂದು ಅಪರೂಪವಾಗಿದ್ದ ಆ ವಸ್ತು ಇಂದು ನಮ್ಮ ಊರುಗಳ ಮನೆಮನೆಯ ಹಿತ್ತಲಿನ ಕೊಠಡಿಯಲ್ಲಿದೆ. ಬಡಗಿಗಳು, ವಿದ್ಯುತ್ ಕೆಲಸದವರು ಮಾತ್ರವಲ್ಲದೆ, ನಿವೃತ್ತರಾದ ಹಿರಿಯರೂ ಕಾಲೇಜಿಗೆ ಹೋಗುವ ಮಕ್ಕಳೂ ಅದನ್ನು ಬಳಸುತ್ತಾರೆ. ಆದರೆ ಉಳಿಗೆ ಗೋಡೆಯಲ್ಲಿ ಒಂದು ಮೊಳೆ ಸಾಕಾಗಿತ್ತು. ಬ್ಯಾಟರಿಗೆ ಅಷ್ಟು ಸಾಲದು. ಈ ವ್ಯತ್ಯಾಸವನ್ನು ನಾವು ತಡವಾಗಿ ಅರಿತೆವು.

ಒಂದು ರಾತ್ರಿಯ ಪಾಠ

ನಮ್ಮ ಮನೆಯಲ್ಲಿ ಮದುವೆಯ ಸಿದ್ಧತೆ ನಡೆದಿದ್ದ ದಿನಗಳವು. ಸಂಜೆಯವರೆಗೆ ಕಪಾಟುಗಳ ಕೆಲಸ ಮುಗಿಸಿ, ದಣಿದ ಕೈಯಲ್ಲಿ ಎಲ್ಲವನ್ನೂ ಒಂದೇ ಬಟ್ಟೆಯ ಚೀಲಕ್ಕೆ ತುಂಬಿದೆವು. ಡ್ರಿಲ್ಲಿನಿಂದ ಬೇರ್ಪಡಿಸಿದ ಬ್ಯಾಟರಿಯೂ ಅದರಲ್ಲಿತ್ತು, ಉಳಿದ ಮೊಳೆಗಳೂ ಇದ್ದವು. ಚೀಲವನ್ನು ನಡುಮನೆಯಲ್ಲಿ ಅಜ್ಜಿಯವರ ಮಂಚದ ಕೆಳಗೆ ಸರಿಸಿ ಮಲಗಿದೆವು. ನಡುರಾತ್ರಿಯಲ್ಲಿ ಅಜ್ಜಿಯವರು, ‘ಏನೋ ಸುಟ್ಟ ವಾಸನಿ ಬರಾಕತ್ತೈತಿ, ಏಳ್ರೋ’ ಎಂದು ಕೂಗಿ ಎಬ್ಬಿಸಿದರು. ಮೊಳೆಯೊಂದು ಬ್ಯಾಟರಿಯ ಎರಡು ತುದಿಗಳಿಗೆ ಅಡ್ಡವಾಗಿ ತಗುಲಿ, ಕಾದು ಕೆಂಪಾಗಿ, ಚೀಲದ ಬಟ್ಟೆ ಕರಕಲಾಗಿತ್ತು. ಅಂಗಳಕ್ಕೆ ಎಳೆದುಹಾಕಿದ್ದರಿಂದ ಹೆಚ್ಚಿನ ಅನಾಹುತವಾಗಲಿಲ್ಲ. ಅಜ್ಜಿಯವರಿಗೆ ಗಾಢನಿದ್ರೆ ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಲು ಈಗಲೂ ಮನಸ್ಸು ಹಿಂಜರಿಯುತ್ತದೆ. ದೋಷವು ಉಪಕರಣದ್ದಾಗಿರಲಿಲ್ಲ, ಅದಕ್ಕೊಂದು ನೆಲೆ ಕೊಡದ ನಮ್ಮದಾಗಿತ್ತು.

ಬ್ಯಾಟರಿಯ ಸ್ವಭಾವ

ಇಂದಿನ ಉಪಕರಣಗಳಲ್ಲಿರುವುದು ಬಹುಪಾಲು ಲಿಥಿಯಂ-ಅಯಾನ್ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಬ್ಯಾಟರಿಯ ಬೆಳವಣಿಗೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರ ನೊಬೆಲ್ ಪಾರಿತೋಷಕವು ಲಭಿಸಿತು. ಒಂದೊಂದು ಕೋಶದ ಸರಾಸರಿ ಒತ್ತಡ 3.6 ವೋಲ್ಟ್. ಅಂತಹ ಐದನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟ್. ಕೆಲವು ಕಂಪನಿಗಳು ಇದನ್ನೇ ‘20 ವೋಲ್ಟ್ ಮ್ಯಾಕ್ಸ್’ ಎಂದು ಬರೆಯುತ್ತವೆ. ಚಾರ್ಜ್ ತುಂಬಿದಾಗಿನ ಒತ್ತಡವನ್ನು ಹೇಳುವ ರೀತಿ ಅದು, ಶಕ್ತಿಯಲ್ಲಿ ಭೇದವಿಲ್ಲ. ಆದರೆ ಒಂದು ಕಂಪನಿಯ ಬ್ಯಾಟರಿ ಮತ್ತೊಂದರ ಉಪಕರಣಕ್ಕೆ ಸಾಮಾನ್ಯವಾಗಿ ಕೂಡುವುದಿಲ್ಲ. ಆದುದರಿಂದ ಮೊದಲ ಉಪಕರಣ ಕೊಳ್ಳುವಾಗಲೇ ಒಂದು ಕಂಪನಿಯನ್ನು ಆರಿಸಿಕೊಂಡು, ಮುಂದೆ ಅದರದೇ ಉಪಕರಣಗಳನ್ನು ಬ್ಯಾಟರಿಯಿಲ್ಲದೆ ಕೊಳ್ಳುವುದು ಲೇಸು. ಎರಡು ಬ್ಯಾಟರಿ ಮತ್ತು ಒಂದು ಚಾರ್ಜರಿನಿಂದ ಐದಾರು ಉಪಕರಣಗಳು ನಡೆಯುತ್ತವೆ. ವ್ಯವಸ್ಥೆಯ ಅರ್ಧಭಾಗ ಅಲ್ಲಿಯೇ ಮುಗಿಯಿತು.

ಹಿಂದಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕೆಂದು ಹೇಳುತ್ತಿದ್ದರು. ಲಿಥಿಯಂ ಬ್ಯಾಟರಿಗೆ ಆ ನಿಯಮ ಸಲ್ಲದು. ಪೂರ್ತಿ ಬರಿದು ಮಾಡಿ ತಿಂಗಳುಗಟ್ಟಲೆ ಇಟ್ಟರೆ ಅದು ಕೆಡುತ್ತದೆ. ಪೂರ್ತಿ ತುಂಬಿ ಬಿಸಿಲಿನ ಕೋಣೆಯಲ್ಲಿಟ್ಟರೂ ಬೇಗ ಸೊರಗುತ್ತದೆ. ಬಹುದಿನ ಬಳಕೆಯಿಲ್ಲದಿದ್ದರೆ ಅರ್ಧದಷ್ಟು ಚಾರ್ಜ್, ಎಂದರೆ ನಾಲ್ಕು ಸೂಚಕ ದೀಪಗಳಲ್ಲಿ ಎರಡು ಉರಿಯುವಷ್ಟು, ಉಳಿಸಿ ತಂಪಾದ ಒಣಗಿದ ಸ್ಥಳದಲ್ಲಿಡುವುದು ಯುಕ್ತ.

ಚಾರ್ಜರಿನ ಸ್ಥಳ

ನಮ್ಮಲ್ಲಿ ಅನೇಕರು ಖಾಲಿ ಪ್ಲಗ್ ಎಲ್ಲಿದೆಯೋ ಅಲ್ಲಿ ಚಾರ್ಜರ್ ಸಿಕ್ಕಿಸುತ್ತಾರೆ. ಒಂದು ಮನೆಯಲ್ಲಿ ಪೂಜಾ ಕೋಣೆಯಲ್ಲಿ, ವಿಭೂತಿ ಕರ್ಪೂರಗಳ ಪಕ್ಕದಲ್ಲಿಯೇ ಅದು ಉರಿಯುತ್ತಿದ್ದುದನ್ನು ಕಂಡಿದ್ದೇವೆ. ಇಷ್ಟಲಿಂಗ ಪೂಜೆಯ ಏಕಾಂತಕ್ಕೂ ಅದು ಒಗ್ಗದು, ಮನೆಯ ಸುರಕ್ಷತೆಗೂ ಒಗ್ಗದು. ಹಾಗೆಯೇ ಮಲಗುವ ಕೋಣೆ, ಮೆಟ್ಟಿಲ ಕೆಳಗು, ಹೊರಬಾಗಿಲ ಬದಿ ಇವೂ ತಕ್ಕ ಸ್ಥಳಗಳಲ್ಲ. ಬೆಂಕಿ ಹೊತ್ತಿದರೆ ಮನೆಯವರು ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ.

ನಮ್ಮ ಮನೆಗಳ ಗೋಡೆ ಕಪಾಟುಗಳಲ್ಲಿರುವ ಕಡಪ ಕಲ್ಲಿನ ಹಲಗೆಯು ಇದಕ್ಕೆ ಹೇಳಿ ಮಾಡಿಸಿದಂತಿದೆ. ಕಲ್ಲು ಹೊತ್ತಿಕೊಳ್ಳುವುದಿಲ್ಲ. ಎದೆಯ ಮಟ್ಟದಲ್ಲಿ, ಮಕ್ಕಳ ಕೈಗೆ ಎಟುಕದಂತೆ, ಗರಗಸದ ಹೊಟ್ಟು ಹಾರಿ ಬೀಳದ ಮೂಲೆಯಲ್ಲಿ ಚಾರ್ಜರನ್ನಿರಿಸಬೇಕು. ಎರಡು ಚಾರ್ಜರುಗಳಿದ್ದರೆ ನಡುವೆ ನಾಲ್ಕು ಬೆರಳು ಅಂತರವಿರಲಿ. ಗಾಳಿಯಾಡುವ ರಂಧ್ರಗಳನ್ನು ಮುಚ್ಚಬಾರದು. ಆ ಹಲಗೆಯ ಮೇಲೆ ಬಣ್ಣ, ಥಿನ್ನರ್, ಬಟ್ಟೆ, ಕಾಗದಗಳಿಗೆ ಎಡೆಯಿರಕೂಡದು.

6 ಆಂಪಿಯರ್ ಸಾಕೆಟ್ಟು 230 ವೋಲ್ಟಿನಲ್ಲಿ 1380 ವ್ಯಾಟ್ ಹೊರಬಲ್ಲುದು. ಎರಡು ಮೂರು ಚಾರ್ಜರುಗಳ ಭಾರ ಅದಕ್ಕೆ ಹೆಚ್ಚಲ್ಲ. ಅಪಾಯವಿರುವುದು ಸಡಿಲವಾದ ಪ್ಲಗ್ಗಿನಲ್ಲಿ, ಒಂದಕ್ಕೊಂದು ಜೋಡಿಸಿದ ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡುಗಳಲ್ಲಿ. ಆದುದರಿಂದ ಗೋಡೆಯಲ್ಲಿಯೇ ಸಾಕೆಟ್ಟುಗಳನ್ನು ಹಾಕಿಸಿ, ಎಲ್ಲಕ್ಕೂ ಸೇರಿ ದೀಪವಿರುವ ಒಂದೇ ಸ್ವಿಚ್ಚನ್ನು ಬಾಗಿಲ ಬಳಿ ಇಡಿಸುವುದು ಉತ್ತಮ. ಕೊಠಡಿಯಿಂದ ಹೊರಬರುವಾಗ ದೀಪ ಆರಿದೆಯೇ ಎಂದು ಒಂದು ನೋಟ ಸಾಕು. 4 ಆಂಪಿಯರ್-ಅವರ್ ಬ್ಯಾಟರಿಯನ್ನು 2 ಆಂಪಿಯರಿನ ಚಾರ್ಜರ್ ತುಂಬಲು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಹೀಗಿರಲು ಇಡೀ ರಾತ್ರಿ ಸಿಕ್ಕಿಸಿ ಮಲಗುವ ಅಗತ್ಯವೇ ಇಲ್ಲ. ಮನೆಯವರು ಎಚ್ಚರವಿರುವ ಹೊತ್ತಿನಲ್ಲಿ ಚಾರ್ಜ್ ಮಾಡಬೇಕು.

ಕಲಬುರ್ಗಿ, ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ತಗಡಿನ ಕೊಠಡಿಯೊಳಗೆ ಇನ್ನೂ ಹೆಚ್ಚು. ಅಂತಹ ಕಾವಿನಲ್ಲಿ ಚಾರ್ಜ್ ಮಾಡುವುದು ಬ್ಯಾಟರಿಗೆ ಹಾನಿಕರ. ಬೆಳಗಿನ ತಂಪಿನಲ್ಲಿ ಆ ಕೆಲಸ ಮುಗಿಸಬೇಕು. ಈಗಷ್ಟೇ ದುಡಿದು ಬಿಸಿಯಾದ ಬ್ಯಾಟರಿಯನ್ನೂ ಸ್ವಲ್ಪ ಹೊತ್ತು ಆರಲು ಬಿಟ್ಟೇ ಚಾರ್ಜರಿಗೆ ಏರಿಸಬೇಕು.

ಜೋಡಿಸುವ ಕ್ರಮ

ಚಾರ್ಜರಿನ ಕಲ್ಲಿನ ಎಡಬದಿ ಖಾಲಿ ಬ್ಯಾಟರಿಗೆ, ಬಲಬದಿ ತುಂಬಿದ್ದಕ್ಕೆ ಎಂದು ನಾವು ಗೊತ್ತುಮಾಡಿಕೊಂಡಿದ್ದೇವೆ. ಯಾರು ಬಂದರೂ ಕೇಳದೆಯೇ ತಿಳಿಯುತ್ತದೆ. ಪ್ರತಿ ಬ್ಯಾಟರಿಯ ಮೇಲೆ ಕೊಂಡ ತಿಂಗಳು, ವರ್ಷ ಮತ್ತು ಒಂದು ಸಂಖ್ಯೆಯನ್ನು ಬರೆದಿದ್ದೇವೆ. ಬ್ಯಾಟರಿಯ ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳವಿಲ್ಲದೆ ಯಾವುದೂ ಚೀಲ ಸೇರುವುದಿಲ್ಲ. ಮೊಳೆ, ಸ್ಕ್ರೂಗಳಿಗೆ ಬೇರೆಯೇ ಡಬ್ಬಿಗಳು.

ಉಪಕರಣಗಳನ್ನು ತೂಗುಹಾಕಲು ದುಬಾರಿಯ ಚೌಕಟ್ಟು ಬೇಡ. 75 ಮಿಲಿಮೀಟರಿನ ಪಿವಿಸಿ ಕೊಳವೆಯನ್ನು ಗೇಣುದ್ದ ಕತ್ತರಿಸಿ, ಹಿಡಿಕೆ ಇಳಿಯುವಷ್ಟು ಒಂದು ಬದಿ ಸೀಳಿ, ಹಲಗೆಯ ಕೆಳಗೆ ಸಾಲಾಗಿ ಬಿಗಿದರೆ ಡ್ರಿಲ್ಲುಗಳು ಮೂತಿ ಕೆಳಗಾಗಿ ಭದ್ರವಾಗಿ ಕೂಡುತ್ತವೆ. ಗ್ರೈಂಡರ್, ಗರಗಸಗಳನ್ನು ಬ್ಯಾಟರಿ ತೆಗೆದೇ ಇಡತಕ್ಕದ್ದು. ಬಿಟ್ಟು, ಬ್ಲೇಡುಗಳನ್ನು ಬದಲಿಸುವಾಗಲೂ ಮೊದಲು ಬ್ಯಾಟರಿ ಹೊರಬರಬೇಕು; ಬೆರಳುಗಳನ್ನು ಉಳಿಸುವ ನಿಯಮವಿದು.

ಪರದೇಶದಿಂದ ಬಂದ ಚಾರ್ಜರ್

ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ಉಪಕರಣ ತಂದುಕೊಡುವುದುಂಟು. ಅಲ್ಲಿನ ವಿದ್ಯುತ್ತು 120 ವೋಲ್ಟ್, ನಮ್ಮದು 230. ಚಾರ್ಜರಿನ ಹಿಂಬದಿಯಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ಸಾಕು. 120 ಎಂದಷ್ಟೇ ಇದ್ದರೆ ನಮ್ಮ ಸಾಕೆಟ್ಟಿಗೆ ಸಿಕ್ಕಿಸಲೇಬಾರದು. ಅದೇ ಕಂಪನಿಯ, ನಮ್ಮ ದೇಶಕ್ಕೆಂದು ಮಾಡಿದ ಚಾರ್ಜರನ್ನು ಕೊಳ್ಳಬೇಕು.

ಹಳೆಯದರ ವಿಲೇವಾರಿ

ಉಬ್ಬಿದ, ಬಿರುಕುಬಿಟ್ಟ, ಸುಮ್ಮನಿದ್ದಾಗಲೂ ಬಿಸಿಯಾಗುವ ಬ್ಯಾಟರಿಯನ್ನು ಮರಳಿ ಚಾರ್ಜರಿಗೆ ಏರಿಸಬಾರದು. ಹೊರಗೆ ಮರಳು ತುಂಬಿದ ಬಕೆಟ್ಟಿನಲ್ಲಿಟ್ಟು, ಬ್ಯಾಟರಿ ಸಂಗ್ರಹಿಸುವವರಿಗೆ ಒಪ್ಪಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಡನೆ ಬೆರೆಸುವಂತಿಲ್ಲ. ಆ ಕಸವನ್ನು ಬರಿಗೈಯಲ್ಲಿ ಬೇರ್ಪಡಿಸುವವರು ಪೌರಕಾರ್ಮಿಕರೆಂಬುದನ್ನು ಮರೆಯಬಾರದು. ಕಾಯಕಜೀವಿಗಳನ್ನು ಗೌರವಿಸುವ ನಾವು ಅವರ ಕೈ ಸುಡುವಂತೆ ಮಾಡುವುದು ಸಲ್ಲದು.

ಪ್ರತಿ ವರ್ಷ ಆಯುಧಪೂಜೆಯಂದು ಉಪಕರಣಗಳನ್ನು ತೊಳೆದು ಒರೆಸಿ ಪೂಜಿಸುವ ವಾಡಿಕೆ ನಮ್ಮ ಅನೇಕ ಮನೆಗಳಲ್ಲಿದೆ. ವಿದ್ಯುತ್ ಉಪಕರಣಗಳಿಗೆ ನೀರು ಸೋಕಿಸದೆ ಒಣಬಟ್ಟೆಯಿಂದ ಒರೆಸಿ, ಅಂದೇ ಪ್ರತಿ ಬ್ಯಾಟರಿಯನ್ನೂ ಪ್ಲಗ್ಗನ್ನೂ ಪರೀಕ್ಷಿಸುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ಅಜ್ಜಿಯವರು ಈಗ ನಮ್ಮೊಂದಿಗಿಲ್ಲ. ಆದರೂ ರಾತ್ರಿ ಕೊಠಡಿಯ ಬಾಗಿಲು ಹಾಕುವಾಗ ಸ್ವಿಚ್ಚಿನ ದೀಪ ಆರಿದುದನ್ನು ನೋಡದೆ ನಾವು ಮಲಗುವುದಿಲ್ಲ. ಓದುಗ ಬಂಧುಗಳೂ ಇಂದು ರಾತ್ರಿ ತಮ್ಮ ಮನೆಯ ಚಾರ್ಜರ್ ಎಲ್ಲಿದೆಯೆಂದು ಒಮ್ಮೆ ನೋಡಿಬರಬೇಕೆಂದು ನಮ್ಮ ವಿನಂತಿ.