ಮಡಚುವ ಸೌರಫಲಕ: ಕ್ಯಾರವಾನ್‌ನಿಂದ ಸಂತೆಯವರೆಗೆ ಹೊಸ ವ್ಯಾಪಾರಾವಕಾಶ

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳ ಮಾರ್ಗವಾಗಿ ಕೊಡಗಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಪ್ರವಾಸಿಗರ ದಟ್ಟಣೆ ನಮ್ಮ ವರ್ತಕರಿಗೆ ಹೊಸದಲ್ಲ. ಆದರೆ ವಾಹನದೊಳಗೆಯೇ ಮಲಗುವ, ಅಡುಗೆ ಮಾಡಿಕೊಳ್ಳುವ ವ್ಯವಸ್ಥೆಯುಳ್ಳ ಕ್ಯಾರವಾನ್‌ಗಳು ಈ ದಟ್ಟಣೆಗೆ ಸೇರತೊಡಗಿರುವುದು ಇತ್ತೀಚಿನ ಬೆಳವಣಿಗೆ. ಕರ್ನಾಟಕ ಸರ್ಕಾರವು 2020–26ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ನೀಡಿತು. ಹೆಗ್ಗಡದೇವನಕೋಟೆಗೆ ಹೊಂದಿಕೊಂಡ ವಯನಾಡನ್ನು ಒಳಗೊಂಡ ಕೇರಳವು 2021ರಲ್ಲಿ ಇದಕ್ಕೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು.

ಇಂತಹ ವಾಹನಗಳಿಗೆ ರಾತ್ರಿ ಬೆಳಕು, ಫ್ಯಾನು, ಮೊಬೈಲ್ ಚಾರ್ಜಿಂಗ್ ಒದಗಿಸಲು ಬಳಕೆಗೆ ಬಂದಿರುವ ಸಾಧನವೇ ಮಡಚುವ ಸೌರಫಲಕ. ಇದರ ಮಾರಾಟ, ಬಾಡಿಗೆ, ದುರಸ್ತಿಗಳಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ವರ್ತಕರಿಗೆ ಎಷ್ಟರ ಮಟ್ಟಿನ ಅವಕಾಶವಿದೆ, ಬಂಡವಾಳ ಹೂಡುವ ಮುನ್ನ ಏನನ್ನು ಗಮನಿಸಬೇಕು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಾಧನದ ಸ್ವರೂಪ

ಮನೆಯ ಛಾವಣಿಯ ಮೇಲೆ ಕಾಣುವ ಫಲಕಕ್ಕೆ ಗಾಜಿನ ಹೊದಿಕೆಯೂ ಅಲ್ಯೂಮಿನಿಯಂ ಚೌಕಟ್ಟೂ ಇರುತ್ತವೆ. ಮಡಚುವ ಫಲಕದಲ್ಲಿ ಅದೇ ಸಿಲಿಕಾನ್ ಕೋಶಗಳನ್ನು ಪ್ಲಾಸ್ಟಿಕ್ ಪದರದೊಳಗೆ ಭದ್ರಪಡಿಸಿ ಗಟ್ಟಿ ಬಟ್ಟೆಯ ಮೇಲೆ ಕೂರಿಸಲಾಗಿರುತ್ತದೆ. ಮಡಚಿದಾಗ ಅದು ಕೈಚೀಲದ ಆಕಾರ ತಾಳುತ್ತದೆ. ಮೇಲ್ಪದರ ಇ.ಟಿ.ಎಫ್.ಇ. ಆಗಿದ್ದರೆ ಬಿಸಿಲನ್ನು ಹೆಚ್ಚು ಕಾಲ ತಾಳಿಕೊಳ್ಳುತ್ತದೆ, ಅಗ್ಗದ ಪಿ.ಇ.ಟಿ. ಪದರವು ಬೇಗ ಹಳದಿಗಟ್ಟಿ ಮಬ್ಬಾಗುತ್ತದೆ. ಎರಡರ ಬೆಲೆಯಲ್ಲಿನ ವ್ಯತ್ಯಾಸಕ್ಕೆ ಇದೂ ಒಂದು ಮುಖ್ಯ ಕಾರಣ.

ವಾಹನದ ಮೇಲೆ ಶಾಶ್ವತವಾಗಿ ಕೂರಿಸಿದ ಫಲಕಕ್ಕಿಂತ ಇದರಲ್ಲಿ ಒಂದು ಅನುಕೂಲವುಂಟು. ವಾಹನವನ್ನು ಮರದ ನೆರಳಿನಲ್ಲಿ ನಿಲ್ಲಿಸಿ, ಫಲಕವನ್ನು ಮಾತ್ರ ಬಿಸಿಲಿನಲ್ಲಿ ಹರಡಬಹುದು. ಬೆಳಗ್ಗೆ ಪೂರ್ವಕ್ಕೂ ಸಂಜೆ ಪಶ್ಚಿಮಕ್ಕೂ ತಿರುಗಿಸಬಹುದು. ಆದರೆ ಕೊಂಬೆಯ ಸಣ್ಣ ನೆರಳು ಒಂದು ಕೋಶದ ಮೇಲೆ ಬಿದ್ದರೂ ಉತ್ಪಾದನೆ ತೀವ್ರವಾಗಿ ಕುಸಿಯುತ್ತದೆ ಎಂಬುದನ್ನು ಗ್ರಾಹಕರಿಗೆ ತಿಳಿಸಿಕೊಡಬೇಕು. ಅಂತೆಯೇ ಕಾದ ನೆಲದ ಮೇಲೆ ಹಾಸುವುದೂ ಸರಿಯಲ್ಲ. ಕೋಶದ ಉಷ್ಣತೆ 25 ಡಿಗ್ರಿಯನ್ನು ಮೀರಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಸಾಮರ್ಥ್ಯ ಕುಗ್ಗುತ್ತದೆ. ಆದುದರಿಂದ ಫಲಕದ ಹಿಂಬದಿಯಲ್ಲಿ ಗಾಳಿಯಾಡುವಂತೆ ಊರುಗೋಲು ಕೊಟ್ಟು ನಿಲ್ಲಿಸುವುದು ಲೇಸು.

ಲೆಕ್ಕಾಚಾರ

ನಮ್ಮ ಭಾಗದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಸೌರಶಕ್ತಿ ದೊರೆಯುತ್ತದೆ. ಬಿಸಿ, ಧೂಳು, ತಂತಿ, ಬ್ಯಾಟರಿಗಳಲ್ಲಿನ ನಷ್ಟವನ್ನು ಕಳೆದು ಶೇ. 70ರಷ್ಟು ಕೈಗೆ ಸಿಗುವುದೆಂದು ಇಟ್ಟುಕೊಂಡರೆ, 100 ವ್ಯಾಟ್ ಫಲಕದಿಂದ ದಿನಕ್ಕೆ 350 ವ್ಯಾಟ್-ಗಂಟೆ, ಅಂದರೆ ಸುಮಾರು ಮೂರನೆಯ ಒಂದು ಯೂನಿಟ್ ವಿದ್ಯುತ್ ದೊರೆತಂತಾಯಿತು.

ಬಳಕೆಯ ಕಡೆಯ ಲೆಕ್ಕ ಹೀಗಿದೆ. 5 ವ್ಯಾಟ್‌ನ ಮೂರು ಎಲ್.ಇ.ಡಿ. ದೀಪಗಳು 5 ಗಂಟೆ ಉರಿದರೆ 75. 15 ವ್ಯಾಟ್‌ನ ಫ್ಯಾನು 8 ಗಂಟೆ ತಿರುಗಿದರೆ 120. ನಾಲ್ಕು ಮೊಬೈಲುಗಳಿಗೆ 60. ಒಂದು ಲ್ಯಾಪ್‌ಟಾಪಿಗೆ 60. ಒಟ್ಟು 315 ವ್ಯಾಟ್-ಗಂಟೆ. ಇಷ್ಟಕ್ಕೆ 100 ವ್ಯಾಟ್ ಫಲಕ ಸಾಕು. ಸಣ್ಣ ಫ್ರಿಜ್ ಸೇರಿದರೆ ಬಳಕೆ ಎರಡು ಪಟ್ಟಿಗೂ ಮೀರುವುದರಿಂದ 200 ವ್ಯಾಟ್‌ಗಿಂತ ಹೆಚ್ಚಿನ ಫಲಕ ಬೇಕಾಗುತ್ತದೆ. ಹವಾನಿಯಂತ್ರಣ ಯಂತ್ರ, ವಿದ್ಯುತ್ ಒಲೆಗಳು ಈ ಸಾಧನದ ಮಿತಿಗೆ ಹೊರಗಿನವು. ಮುಂಗಾರಿನಲ್ಲಿ ಬಿಸಿಲು 3 ಗಂಟೆಗೆ ಇಳಿದರೆ ಅದೇ 100 ವ್ಯಾಟ್ ಫಲಕ ನೀಡುವುದು 210 ವ್ಯಾಟ್-ಗಂಟೆ ಮಾತ್ರ. ಈ ಸತ್ಯವನ್ನು ಮಾರಾಟದ ಸಮಯದಲ್ಲೇ ಹೇಳುವ ವರ್ತಕನ ಬಳಿಗೆ ಗ್ರಾಹಕ ಮತ್ತೆ ಬರುತ್ತಾನೆ.

ಎರಡು ದಿನ ಬಿಸಿಲಿಲ್ಲದಿದ್ದರೂ ನಡೆಯಬೇಕಾದರೆ ಸುಮಾರು 600 ವ್ಯಾಟ್-ಗಂಟೆ ಸಂಗ್ರಹವಿರಬೇಕು. ಅರ್ಧದಷ್ಟು ಮಾತ್ರ ಖರ್ಚು ಮಾಡಬಹುದಾದ ಲೆಡ್ ಆಸಿಡ್ ಬ್ಯಾಟರಿಯಾದರೆ 12 ವೋಲ್ಟಿನ 100 ಆಂಪಿಯರ್-ಗಂಟೆಯದು ಬೇಕು. ಶೇ. 80ರವರೆಗೆ ಬಳಸಬಹುದಾದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 60 ಆಂಪಿಯರ್-ಗಂಟೆ ಸಾಕು; ತೂಕವೂ ಬಹಳ ಕಡಿಮೆ. ಯಾವುದೇ ಆಗಲಿ, ಚಾರ್ಜ್ ನಿಯಂತ್ರಕವಿಲ್ಲದೆ ಫಲಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಕೂಡದು.

ತಂತಿಯ ವಿಷಯದಲ್ಲಿ ಮಾಡುವ ಉಳಿತಾಯ ದುಬಾರಿಯಾಗುತ್ತದೆ. 100 ವ್ಯಾಟ್ ಫಲಕದಿಂದ ಸುಮಾರು 5.5 ಆಂಪಿಯರ್ ಹರಿಯುವಾಗ, 10 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಂತಿ ಬಳಸಿದರೆ 1.3 ವೋಲ್ಟಿನಷ್ಟು ದಾರಿಯಲ್ಲೇ ನಷ್ಟವಾಗುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಇದು ಅರ್ಧ ವೋಲ್ಟಿನಷ್ಟಕ್ಕೆ ಇಳಿಯುತ್ತದೆ.

ಪ್ರವಾಸಿಗರನ್ನಷ್ಟೇ ನಂಬಬಹುದೇ?

ಇಲ್ಲಿ ವರ್ತಕರು ಎಚ್ಚರ ವಹಿಸಬೇಕಾಗಿದೆ. ಕಬಿನಿ ಹಿನ್ನೀರು, ನಾಗರಹೊಳೆಗಳಿಗೆ ಬರುವ ಪ್ರವಾಸಿಗರ ಸಂಖ್ಯೆಯು ಅರಣ್ಯದ ಪರಿಸ್ಥಿತಿಯನ್ನು ಅವಲಂಬಿಸಿದೆ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಯಿಂದ ರೈತರು ಮೃತಪಟ್ಟಾಗ, ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿಯನ್ನು ನಿಲ್ಲಿಸಲಾಯಿತು. ಪ್ರವಾಸೋದ್ಯಮವೊಂದನ್ನೇ ನೆಚ್ಚಿ ದಾಸ್ತಾನು ಮಾಡಿದವನಿಗೆ ಇಂತಹ ಒಂದೇ ಆದೇಶ ಸಾಕು. ಅಲ್ಲದೆ ಅರಣ್ಯದೊಳಗೆ ಎಲ್ಲೆಂದರಲ್ಲಿ ವಾಹನ ನಿಲ್ಲಿಸಿ ತಂಗುವುದು ಕಾನೂನುಬಾಹಿರ. ಕಾಡಂಚಿನ ಖಾಸಗಿ ಜಮೀನಿನಲ್ಲಿ ತಂಗುದಾಣ ಮಾಡಬಯಸುವವರು ಗ್ರಾಮ ಪಂಚಾಯಿತಿ, ಅರಣ್ಯ ಹಾಗೂ ಪ್ರವಾಸೋದ್ಯಮ ಇಲಾಖೆಗಳ ನಿಯಮಗಳನ್ನು ಮೊದಲೇ ತಿಳಿದುಕೊಳ್ಳಬೇಕು.

ಆದುದರಿಂದ ಸ್ಥಳೀಯ ಬೇಡಿಕೆಯೇ ಈ ವ್ಯಾಪಾರದ ತಳಹದಿಯಾಗಬೇಕು. ಅಂತಹ ಬೇಡಿಕೆ ನಮ್ಮಲ್ಲಿ ಕಡಿಮೆಯೇನಿಲ್ಲ. ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆಗೆ ರಾಸುಗಳೊಡನೆ ಬರುವ ರೈತರು ದಿನಗಟ್ಟಲೆ ಬಯಲಿನಲ್ಲೇ ಬಿಡಾರ ಹೂಡುತ್ತಾರೆ. ಅದು ಮಳೆಯಿಲ್ಲದ ಕಾಲ. ಸೌರಫಲಕಕ್ಕೆ ಹೇಳಿ ಮಾಡಿಸಿದಂಥದು. ಸಂಜೆಯ ಸಂತೆಯಲ್ಲಿ ಕೂರುವ ತರಕಾರಿ ವ್ಯಾಪಾರಿಗಳು, ತಳ್ಳುಗಾಡಿಯವರು, ಹೊಲ ಕಾಯಲು ಅಟ್ಟಣೆಯಲ್ಲಿ ಮಲಗುವವರು ಇವರೆಲ್ಲರೂ ಗ್ರಾಹಕರೇ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಭಾಗದ ತಂಬಾಕು ಬೆಳೆಗಾರರು ಬ್ಯಾರನ್ ಮುಂದೆ ರಾತ್ರಿಯಿಡೀ ಬೆಂಕಿ ಕಾಯಬೇಕಾದಾಗ ಬೆಳಕಿನ ಅಗತ್ಯ ಬೀಳುತ್ತದೆ. ಆದರೆ ಎಲೆ ಹದಗೊಳಿಸುವ ಕೆಲಸ ಮಳೆಗಾಲದಲ್ಲೇ ಆರಂಭವಾಗುವುದರಿಂದ ಅವರಿಗೆ ಕೊಂಚ ದೊಡ್ಡ ಫಲಕ ಮತ್ತು ಬ್ಯಾಟರಿಯನ್ನೇ ಸೂಚಿಸಬೇಕು.

ಸಣ್ಣ ಗ್ರಾಹಕನ ಕೈಯಲ್ಲಿ ಒಮ್ಮೆಲೇ ಹಣವಿರುವುದಿಲ್ಲ. ಹರೀಶ್ ಹಂದೆಯವರು ಸಹಸ್ಥಾಪಕರಾಗಿ 1995ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡ ಸೆಲ್ಕೋ ಸಂಸ್ಥೆಯು ಗ್ರಾಹಕನ ದುಡಿಮೆಯ ಕ್ರಮಕ್ಕೆ ತಕ್ಕಂತೆ ಬ್ಯಾಂಕ್ ಸಾಲದ ಕಂತುಗಳನ್ನು ಹೊಂದಿಸಿಯೇ ಸೌರದೀಪಗಳನ್ನು ಬಡವರ ಮನೆಗೆ ತಲುಪಿಸಿತು. ಹಂದೆಯವರಿಗೆ 2011ರ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಈ ಮಾದರಿ ನಮ್ಮ ವರ್ತಕರಿಗೂ ಪಾಠವಾಗಬಲ್ಲದು.

ಬಾಡಿಗೆ, ತಯಾರಿಕೆ

ಶಾಮಿಯಾನ ಅಂಗಡಿಯವರಿಗೆ ಈ ವ್ಯಾಪಾರ ಸಹಜವಾಗಿ ಒಗ್ಗುತ್ತದೆ. ಪಾತ್ರೆ, ಕುರ್ಚಿ, ದೀಪಗಳನ್ನು ಬಾಡಿಗೆಗೆ ಕೊಟ್ಟು ಹಿಂಪಡೆಯುವ ವ್ಯವಸ್ಥೆ ಅವರಲ್ಲಿ ಈಗಾಗಲೇ ಇದೆ. ಉದಾಹರಣೆಗೆ, ಒಂದು ಜೋಡಣೆಗೆ ರೂ. 30,000 ತಗುಲಿ ದಿನಕ್ಕೆ ರೂ. 300 ಬಾಡಿಗೆ ಬಂದರೆ, 100 ದಿನಗಳ ಬಾಡಿಗೆಯಲ್ಲಿ ಅಸಲು ಕೈಸೇರುತ್ತದೆ. ಜಾತ್ರೆ, ರಜೆ, ಸಂತೆಗಳನ್ನು ಕೂಡಿಸಿ ವರ್ಷಕ್ಕೆ ಎಷ್ಟು ದಿನ ಬಾಡಿಗೆ ಹೋದೀತು ಎಂಬುದನ್ನು ತಮ್ಮ ಊರಿನ ಮಟ್ಟಿಗೆ ಅಂದಾಜಿಸಿದ ನಂತರವೇ ಮುಂದುವರಿಯುವುದು ವಿವೇಕ. ಮೊದಲು ಎರಡು ಜೋಡಣೆಗಳಿಂದ ಆರಂಭಿಸಬಹುದು.

ಕೋಶಗಳನ್ನು ಪದರದೊಳಗೆ ಮುಚ್ಚುವ ಕೆಲಸಕ್ಕೆ ವಿಶೇಷ ಯಂತ್ರಗಳು ಬೇಕಾಗುವುದರಿಂದ ಅದು ಸಣ್ಣ ಕಾರ್ಯಾಗಾರಕ್ಕೆ ತಕ್ಕದ್ದಲ್ಲ. ಆದರೆ ಕ್ಯಾನ್ವಾಸ್ ಚೀಲ, ಮಡಚುವ ಲೋಹದ ಊರುಗೋಲು, ಬ್ಯಾಟರಿ ಪೆಟ್ಟಿಗೆ, ಫ್ಯೂಸ್ ಸಹಿತ ತಂತಿಜೋಡಣೆ ಇವುಗಳನ್ನು ಸ್ಥಳೀಯ ದರ್ಜಿಗಳು, ವೆಲ್ಡಿಂಗ್ ಅಂಗಡಿಗಳು, ಎಲೆಕ್ಟ್ರಿಷಿಯನ್ನರು ಸಿದ್ಧಪಡಿಸಬಲ್ಲರು. ಹರಿದ ಚೀಲ, ಮುರಿದ ಕನೆಕ್ಟರ್ ಸರಿಪಡಿಸುವವರು ಹತ್ತಿರದಲ್ಲೇ ಇದ್ದರೆ ಗ್ರಾಹಕನಿಗೂ ಧೈರ್ಯ.

ಖರೀದಿಯಲ್ಲಿ ಎಚ್ಚರ

ಸೌರಶಕ್ತಿ ಸಾಧನಗಳ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಹಳೆಯ ದರದಲ್ಲಿ ಬಿಲ್ ಬರೆಯುವ ಸಗಟು ವ್ಯಾಪಾರಿಗಳಿದ್ದರೆ ಪ್ರಶ್ನಿಸಬೇಕು. ಬ್ಯಾಟರಿ, ನಿಯಂತ್ರಕಗಳನ್ನು ಬಿಡಿಯಾಗಿ ಕೊಂಡಾಗ ಅನ್ವಯಿಸುವ ದರವನ್ನು ಲೆಕ್ಕ ಪರಿಶೋಧಕರಿಂದ ಖಚಿತಪಡಿಸಿಕೊಳ್ಳಬೇಕು. ಫಲಕ ಹಾಗೂ ಲಿಥಿಯಂ ಕೋಶಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಇದೆಯೇ ಎಂದು ವಿಚಾರಿಸಬೇಕು. ಚೀಲದ ಮೇಲೆ ಮುದ್ರಿಸಿದ ವ್ಯಾಟ್ ಸಂಖ್ಯೆಯನ್ನು ನಂಬದೆ, ನಡುಹಗಲಿನ ಬಿಸಿಲಿನಲ್ಲಿ ನಿಯಂತ್ರಕ ಮತ್ತು ಬ್ಯಾಟರಿಗೆ ಜೋಡಿಸಿ ಮೀಟರಿನಿಂದ ಅಳೆದು ನೋಡುವುದು ಉತ್ತಮ. 100 ಎಂದು ಬರೆದ ಫಲಕ 70ರಿಂದ 80 ವ್ಯಾಟ್ ಕೊಟ್ಟರೆ ಅದು ಸಹಜ. 40ಕ್ಕೆ ನಿಂತರೆ ಆ ಸರಕನ್ನು ಹಿಂದಿರುಗಿಸತಕ್ಕದ್ದು.

ಕ್ಯಾರವಾನ್ ಪ್ರವಾಸಿ ವರ್ಷಕ್ಕೊಮ್ಮೆ ಬರುವ ಅತಿಥಿ. ಸಂತೆಯ ವ್ಯಾಪಾರಿ ವಾರವಾರವೂ ಬರುವ ಗಿರಾಕಿ. ಇಬ್ಬರಿಗೂ ಸಲ್ಲುವ ಸರಕು ಒಂದೇ ಆಗಿರುವುದು ಈ ವ್ಯಾಪಾರದ ಬಲ. ಸಂತೆಯ ಗಿರಾಕಿಯಿಂದ ಅಸಲನ್ನು ದುಡಿದು, ಅತಿಥಿಯಿಂದ ಲಾಭವನ್ನು ನಿರೀಕ್ಷಿಸುವ ವರ್ತಕನು ನಷ್ಟಕ್ಕೆ ಸಿಲುಕುವ ಸಂಭವ ಕಡಿಮೆ. ಸದಸ್ಯ ಬಂಧುಗಳು ಈ ದಿಸೆಯಲ್ಲಿ ಆಲೋಚಿಸುವುದು ಸೂಕ್ತ.