ಜಪಾನಿನಿಂದ ಬರುವ ಹಳೆಯ ವೇಗದ ಕಾರು

ಅಮೆರಿಕದಲ್ಲಿ ಎಂಜಿನಿಯರಾಗಿರುವ ನಿಮ್ಮ ಮಗನೋ ಅಳಿಯನೋ ಒಂದು ದಿನ ಫೋನು ಮಾಡಿ, "ಜಪಾನಿನಿಂದ ಮೂವತ್ತು ವರ್ಷದ ಹಳೆಯ ಕಾರೊಂದನ್ನು ತರಿಸಬೇಕೆಂದಿದ್ದೇನೆ" ಎಂದನೆನ್ನಿ. ಅಷ್ಟೊಂದು ಹೊಸ ಕಾರುಗಳಿರುವ ದೇಶದಲ್ಲಿದ್ದುಕೊಂಡು ಸಮುದ್ರದಾಚೆಯ ಹಳೆಯ ಗಾಡಿಗೆ ಸಾವಿರಾರು ಡಾಲರು ಸುರಿಯುವುದೇಕೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಆದರೆ ಈ ವ್ಯಾಪಾರಕ್ಕೆ ಅದರದೇ ಆದ ಕಾರಣಗಳಿವೆ, ಕಟ್ಟಳೆಗಳಿವೆ, ಮೋಸ ಹೋಗುವ ದಾರಿಗಳೂ ಇವೆ. ಅವನ್ನು ತಿಳಿದಿದ್ದರೆ ನೀವು ಅವನಿಗೆ ನಾಲ್ಕು ಹಿತದ ಮಾತು ಹೇಳಬಹುದು.

ಉದಾಹರಣೆಗೆ ಒಂದೇ ಕಾರನ್ನು ತೆಗೆದುಕೊಳ್ಳೋಣ: ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್. ಇದರ ‘ಆರ್32’ ಎಂಬ ಮಾದರಿ 1989ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂದಿತು; 1994ರವರೆಗೆ ಸುಮಾರು 44 ಸಾವಿರ ಗಾಡಿಗಳು ತಯಾರಾದವು. 2.6 ಲೀಟರಿನ, ಆರು ಸಿಲಿಂಡರಿನ ಎಂಜಿನ್ನು. ಅದಕ್ಕೆ ಎರಡು ಟರ್ಬೊ. ಸಾಮಾನ್ಯವಾಗಿ ಶಕ್ತಿಯೆಲ್ಲ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಅವು ಜಾರತೊಡಗಿದರೆ ಯಂತ್ರವೇ ತಿಳಿದುಕೊಂಡು ಮುಂದಿನ ಗಾಲಿಗಳಿಗೂ ಪಾಲು ಹಂಚುತ್ತದೆ. 1990ರಿಂದ 1993ರವರೆಗೆ ಜಪಾನಿನ ಟೂರಿಂಗ್ ಕಾರ್ ಪಂದ್ಯಗಳಲ್ಲಿ ಈ ಕಾರು ಓಡಿದ್ದು 29 ಪಂದ್ಯ, ಗೆದ್ದದ್ದೂ 29. ಅಷ್ಟಾದರೂ ಕಂಪನಿಯ ಕಾಗದದಲ್ಲಿ ಇದರ ಶಕ್ತಿ 280 ಅಶ್ವಶಕ್ತಿ ಮಾತ್ರ. ಜಪಾನಿನ ಕಾರು ತಯಾರಕರು ಆ ಮಿತಿಯನ್ನು ಮೀರಿ ಹೇಳಬಾರದೆಂದು ತಮ್ಮೊಳಗೇ ಒಂದು ಮಾತು ಮಾಡಿಕೊಂಡಿದ್ದರು. ಅದು 2004ರವರೆಗೆ ನಡೆಯಿತು. ಈ ಸ್ಕೈಲೈನನ್ನು ಕಂಪನಿ ಅಮೆರಿಕದಲ್ಲಿ ಮಾರಲೇ ಇಲ್ಲ. ಸಿಗದ ವಸ್ತುವಿನ ಮೇಲೆ ಆಸೆ ಹೆಚ್ಚು. ಅಲ್ಲಿಯ ತರುಣರಿಗೆ ಆದದ್ದೂ ಅದೇ.

ಇನ್ನು ಹಳೆಯ ಕಾರುಗಳು ಜಪಾನನ್ನು ಬಿಟ್ಟು ಹೊರಡುವುದೇಕೆ? ಅಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಸರಕಾರಿ ತಪಾಸಣೆ. ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ‘ಶಾಕೆನ್’ ಎಂಬ ಈ ತಪಾಸಣೆಗೆ ತೆರಿಗೆ, ವಿಮೆ, ರಿಪೇರಿ ಎಲ್ಲ ಸೇರಿ ಖರ್ಚು ಬಲವಾಗಿಯೇ ಬರುತ್ತದೆ. ಪೆಟ್ರೋಲು ಕಾರಿಗೆ ಹದಿಮೂರು ವರ್ಷ ದಾಟಿದರೆ ವಾಹನ ತೆರಿಗೆಯೂ ಏರುತ್ತದೆ. ಹೀಗಾಗಿ ಓಡಲು ಇನ್ನೂ ಚೆನ್ನಾಗಿಯೇ ಇರುವ ಕಾರನ್ನು ಮಾಲೀಕ ಮಾರಿಬಿಡುತ್ತಾನೆ. ಅದು ಹರಾಜಿಗೆ ಹೋಗುತ್ತದೆ, ಅಲ್ಲಿಂದ ಬಂದರಿಗೆ.

ಆ ಹರಾಜಿನ ಕ್ರಮವನ್ನು ನೋಡಿರಿ. ನಮ್ಮ ದನಗಳ ಜಾತ್ರೆಯಲ್ಲಿ ರೈತ ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಜಪಾನಿನಲ್ಲಿ ಹರಾಜಿನ ಕೂಗುವವನೂ ಇಲ್ಲ, ಟವೆಲೂ ಇಲ್ಲ. ಸದಸ್ಯರಾದ ವ್ಯಾಪಾರಿಗಳು ಪರದೆಯನ್ನು ನೋಡುತ್ತ ಗುಂಡಿ ಒತ್ತುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಒಂದು ಕಾರು ಕೈ ಬದಲಾಯಿಸುತ್ತದೆ. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಅಮೆರಿಕದಲ್ಲಿರುವ ನಮ್ಮ ಹುಡುಗ ಒಬ್ಬ ಏಜೆಂಟನ ಮೂಲಕವೇ ಕೊಳ್ಳಬೇಕು. ಎತ್ತಿನ ಹಲ್ಲನ್ನು ಅವನು ತಾನೇ ನೋಡುವಂತಿಲ್ಲ. ಅವನಿಗಾಗಿ ನೋಡುವುದು ‘ಹರಾಜು ಚೀಟಿ’ ಎಂಬ ಒಂದು ಹಾಳೆ.

ಹರಾಜು ಮನೆಯ ಪರೀಕ್ಷಕ ಕಾರನ್ನು ಪರಿಶೀಲಿಸಿ ಆ ಹಾಳೆಯಲ್ಲಿ ಅಂಕ ಹಾಕಿರುತ್ತಾನೆ. 5 ಅಥವಾ 4.5 ಎಂದರೆ ಬಲು ಚೆನ್ನ, 4 ಎಂದರೆ ಚೆನ್ನ, 3.5, 3 ಎಂದರೆ ವಯಸ್ಸಿನ ಗುರುತುಗಳಿವೆ. ಅಂಕದ ಜಾಗದಲ್ಲಿ ‘ಆರ್’ ಎಂಬ ಅಕ್ಷರವಿದ್ದರೆ ಗಾಡಿ ಅಪಘಾತಕ್ಕೆ ಸಿಕ್ಕಿ ರಿಪೇರಿಯಾದದ್ದು. ಕಾರಿನ ಚಿತ್ರದ ಮೇಲೂ ಸಣ್ಣ ಗುರುತುಗಳಿರುತ್ತವೆ: ‘ಎ’ ಎಂದರೆ ಗೀರು, ‘ಯು’ ಎಂದರೆ ತಗ್ಗು, ‘ಡಬ್ಲ್ಯು’ ಎಂದರೆ ಹಿಂದೆ ರಿಪೇರಿ ಮಾಡಿದ ಅಲೆ, ‘ಎಸ್’ ಎಂದರೆ ತುಕ್ಕು, ‘ಎಕ್ಸ್ ಎಕ್ಸ್’ ಎಂದರೆ ಬದಲಾಯಿಸಿದ ಭಾಗ. ಪರೀಕ್ಷಕ ಜಪಾನೀ ಭಾಷೆಯಲ್ಲಿ ಬರೆದ ಷರಾವನ್ನು ಮಾತ್ರ ಪೂರ್ತಿ ಅನುವಾದ ಮಾಡಿಸಿಯೇ ಓದಬೇಕು. ಅಂಕಕ್ಕಿಂತ ಷರಾ ಹೆಚ್ಚು ನಿಜ ಹೇಳುತ್ತದೆ. ಏಜೆಂಟು ಈ ಹಾಳೆಯನ್ನು ತೋರಿಸಲು ಹಿಂದುಮುಂದು ನೋಡಿದರೆ, ಅವನ ಸಹವಾಸವನ್ನೇ ಬಿಡುವುದು ಒಳ್ಳೆಯದು.

ಇನ್ನೊಂದು ಪರೀಕ್ಷೆ ಚಾಸಿಯ ಸಂಖ್ಯೆಯದು. ನಿಜವಾದ ಆರ್32 ಜಿಟಿ-ಆರ್ ಗಾಡಿಯ ಸಂಖ್ಯೆ ‘ಬಿಎನ್ಆರ್32’ ಎಂದು ಆರಂಭವಾಗುತ್ತದೆ. ಅದೇ ಕುಟುಂಬದ, ಹಿಂದಿನ ಗಾಲಿ ಮಾತ್ರ ಎಳೆಯುವ, ಒಂದೇ ಟರ್ಬೊದ ಕಡಿಮೆ ಬೆಲೆಯ ಗಾಡಿಯದು ‘ಎಚ್‌ಸಿಆರ್32’. ಹೊರಗಿನ ತಗಡನ್ನೂ ಲಾಂಛನವನ್ನೂ ಬದಲಿಸಿ ಎರಡನೆಯದನ್ನು ಮೊದಲನೆಯದರಂತೆ ಕಾಣಿಸಬಹುದು. ಚಾಸಿಯ ಸಂಖ್ಯೆ ಮಾತ್ರ ಹಾಗೆ ಮಾತಿಗೆ ಮರುಳಾಗುವುದಿಲ್ಲ.

ಈಗ ಮುಖ್ಯವಾದ ಕಟ್ಟಳೆಗೆ ಬರೋಣ. ಅಮೆರಿಕದ ಸುರಕ್ಷತೆಯ ಮಟ್ಟಕ್ಕೆ ಒಗ್ಗಿಸಿ ತಯಾರಿಸದ ಕಾರನ್ನು ಸಾಮಾನ್ಯ ಪ್ರಜೆ ಆ ದೇಶಕ್ಕೆ ತರುವಂತಿಲ್ಲ. 1988ರ ಕಾನೂನು ಇದಕ್ಕೊಂದು ಬಾಗಿಲು ತೆರೆದಿಟ್ಟಿದೆ: ತಯಾರಾಗಿ 25 ವರ್ಷ ತುಂಬಿದ ಗಾಡಿಗೆ ಆ ನಿಬಂಧನೆ ಇಲ್ಲ. ಹೊಗೆಯ ವಿಷಯದಲ್ಲಿ ಕೇಂದ್ರ ಸರಕಾರದ ರಿಯಾಯಿತಿ 21 ವರ್ಷಕ್ಕೇ ದೊರೆಯುತ್ತದೆ, ಆದರೆ ಗಾಡಿ ಮೂಲದ ಸ್ಥಿತಿಯಲ್ಲಿರಬೇಕು. ಆದ್ದರಿಂದ ಮೊದಲ ಆರ್32 ಗಾಡಿಗಳಿಗೆ ಬಾಗಿಲು ತೆರೆದದ್ದು 2014ರ ಆಗಸ್ಟಿನಲ್ಲಿ. 1999ರ ಜನವರಿಯಲ್ಲಿ ಬಂದ ‘ಆರ್34’ ಮಾದರಿಗೆ 2024ರ ಜನವರಿಯಲ್ಲಿ. ಲೆಕ್ಕ ವರ್ಷದ್ದಲ್ಲ, ತಯಾರಾದ ತಿಂಗಳಿನದು. ಒಂದು ತಿಂಗಳು ಕಡಿಮೆಯಾದರೂ ಗಾಡಿ ಬಂದರಿನಲ್ಲಿ ಸಿಕ್ಕಿಬೀಳಬಹುದು. ಹಿಂದಕ್ಕೆ ಕಳುಹಿಸಬೇಕಾಗಬಹುದು, ಸರಕಾರ ವಶಪಡಿಸಿಕೊಳ್ಳಲೂಬಹುದು.

ತಿಂಗಳನ್ನು ತಿಳಿಯುವುದು ಹೇಗೆ? ಜಪಾನಿನಲ್ಲಿ ನೋಂದಣಿ ರದ್ದಾದ ಮೇಲೆ ಕೊಡುವ ರಫ್ತು ಪತ್ರದಲ್ಲಿ ಮೊದಲ ನೋಂದಣಿಯ ವರ್ಷ, ತಿಂಗಳು ಇರುತ್ತವೆ. ವರ್ಷವನ್ನು ಚಕ್ರವರ್ತಿಯ ಶಕೆಯಲ್ಲಿ ಬರೆದಿರಬಹುದು. ‘ಹೇಸೆ 6’ ಎಂದಿದ್ದರೆ ಆರಕ್ಕೆ 1988 ಕೂಡಿಸಿರಿ, 1994 ಬರುತ್ತದೆ. ನೋಂದಣಿ ಯಾವಾಗಲೂ ತಯಾರಾದ ಮೇಲೆಯೇ ಆಗುವುದರಿಂದ, ನೋಂದಣಿಗೇ 25 ವರ್ಷ ತುಂಬಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಈ ಪತ್ರದ ಅಸಲು ಪ್ರತಿ ಕೈಗೆ ಬರಲೇಬೇಕು. ಅದಿಲ್ಲದಿದ್ದರೆ ಮುಂದೆ ಅಮೆರಿಕದಲ್ಲಿ ನೋಂದಣಿಗೆ ಅಲೆದಾಟ ತಪ್ಪದು.

ಖರ್ಚಿನ ಲೆಕ್ಕದಲ್ಲಿಯೂ ಎಚ್ಚರ ಬೇಕು. ಏಜೆಂಟು ‘ಎಫ್ಒಬಿ’ ಬೆಲೆ ಹೇಳಿದರೆ ಅದು ಕಾರು ಹಡಗು ಹತ್ತುವವರೆಗಿನ ಖರ್ಚು ಮಾತ್ರ. ‘ಸಿಐಎಫ್’ ಎಂದರೆ ಹಡಗಿನ ಬಾಡಿಗೆಯೂ ವಿಮೆಯೂ ಸೇರಿದೆ. ಎರಡರಲ್ಲಿಯೂ ಅಮೆರಿಕದ ಸುಂಕ, ಬಂದರಿನ ಶುಲ್ಕ, ಕಸ್ಟಮ್ಸ್ ಏಜೆಂಟನ ಕೂಲಿ, ಮನೆಯವರೆಗಿನ ಲಾರಿ ಬಾಡಿಗೆ ಸೇರಿಲ್ಲ. ಜಪಾನಿನ ಕಾರಿನ ಮೇಲಿನ ಸುಂಕದ ನಿಯಮ 2025ರಲ್ಲಿ ಒಂದಕ್ಕಿಂತ ಹೆಚ್ಚು ಸಲ ಬದಲಾಯಿತು. ಆದ್ದರಿಂದ ಹಣ ಕಟ್ಟುವ ಮುಂಚೆ ಆ ದಿನದ ದರವನ್ನು ಕೇಳಿಕೊಳ್ಳಬೇಕು. ಬಂದರಿನಲ್ಲಿ ಸುರಕ್ಷತೆಗೆ ‘ಎಚ್‌ಎಸ್-7’, ಹೊಗೆಗೆ ‘3520-1’ ಎಂಬ ಎರಡು ನಮೂನೆಗಳನ್ನು ತುಂಬಬೇಕು. ಕಾರಿನ ಅಡಿಯಲ್ಲಿ ಹೊರದೇಶದ ಮಣ್ಣು ಅಂಟಿರಬಾರದು. ಅಂಟಿದ್ದರೆ ತೊಳೆಸುವ ಖರ್ಚೂ ನಿಮ್ಮ ಹುಡುಗನದೇ.

ಎಲ್ಲಕ್ಕಿಂತ ದೊಡ್ಡ ಹಳ್ಳ ಕ್ಯಾಲಿಫೋರ್ನಿಯ. ನಮ್ಮ ಕನ್ನಡದ ಎಂಜಿನಿಯರುಗಳು ಬಹಳವಾಗಿ ನೆಲೆಸಿರುವ ರಾಜ್ಯವೂ ಅದೇ. ಆ ರಾಜ್ಯಕ್ಕೆ ಹೊಗೆಯ ವಿಷಯದಲ್ಲಿ ತನ್ನದೇ ಕಾನೂನು ಇದೆ. ಕೇಂದ್ರದ ರಿಯಾಯಿತಿ ಅಲ್ಲಿ ಸಾಲದು. ಆರ್32ರಂಥ ಗಾಡಿಯನ್ನು ಪ್ರಯೋಗಶಾಲೆಯಲ್ಲಿ ಬದಲಾವಣೆ ಮಾಡಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ನೋಂದಣಿ. ಅದಕ್ಕೆ ಮತ್ತೆ ಸಾವಿರಾರು ಡಾಲರು. ಇದನ್ನರಿಯದೆ ತರಿಸಿದ ಕಾರು ಕಾನೂನಿಗೆ ಸರಿಯಾಗಿಯೇ ದೇಶದೊಳಕ್ಕೆ ಬಂದೂ, ರಸ್ತೆಗಿಳಿಯಲಾಗದೆ ಗ್ಯಾರೇಜಿನಲ್ಲಿ ಕೂರುತ್ತದೆ.

"ಹಾಗಾದರೆ ಬೆಂಗಳೂರಿಗೇ ತರಿಸಿಬಿಡೋಣ" ಎನ್ನುವವರಿಗೊಂದು ಮಾತು: ನಮ್ಮ ದೇಶದ ಕಟ್ಟಳೆ ತಿರುಗುಮುರುಗು. ಇಲ್ಲಿ ಬಳಸಿದ ಕಾರನ್ನು ಸಾಮಾನ್ಯವಾಗಿ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಅಲ್ಲಿ ಬಾಗಿಲು ತೆರೆಯುವ ವಯಸ್ಸಿಗೆ ಇಲ್ಲಿ ಬಾಗಿಲು ಮುಚ್ಚಿ ಎಷ್ಟೋ ಕಾಲವಾಗಿರುತ್ತದೆ.

ಆದುದರಿಂದ ಮಗನ ಆಸೆಗೆ ಅಡ್ಡ ಬರಬೇಕಾಗಿಲ್ಲ. ಕ್ರಮವನ್ನು ಮಾತ್ರ ಹೇಳಿಕೊಡಿ. ಮೊದಲು ತನ್ನ ರಾಜ್ಯದ ನೋಂದಣಿ ಕಚೇರಿ ಮತ್ತು ವಿಮೆಯವರನ್ನು ಕೇಳಲಿ. ಆಮೇಲೆ ತಯಾರಾದ ತಿಂಗಳನ್ನು ನೋಡಲಿ. ಆಮೇಲೆ ಹರಾಜು ಚೀಟಿಯನ್ನೂ ಚಾಸಿಯ ಸಂಖ್ಯೆಯನ್ನೂ ನೋಡಲಿ. ಮನೆ ಬಾಗಿಲಿನವರೆಗಿನ ಪೂರ್ತಿ ಖರ್ಚನ್ನು ಕೂಡಿಸಿ, ಮೂವತ್ತು ವರ್ಷದ ಎಂಜಿನ್ನಿನ ರಿಪೇರಿಗೆಂದು ಒಂದಿಷ್ಟನ್ನು ಬೇರೆ ತೆಗೆದಿಡಲಿ. ಬಣ್ಣವನ್ನು ಕೊನೆಗೆ ನೋಡಿದರೆ ಸಾಕು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಹಡಗಿನಲ್ಲಿ ಬರುವ ಕಾರಿಗೂ ಸಲ್ಲುತ್ತದೆ.