ಮಗುವಿನ ತೂಕ: ಎರಡು ಲಸಿಕೆಗಳ ನಡುವೆ

ಸರಕಾರಿ ಲಸಿಕಾ ಪಟ್ಟಿಯಲ್ಲಿ 14ನೇ ವಾರದ ನಂತರದ ಲಸಿಕೆ 9ನೇ ತಿಂಗಳಿಗೆ. ಈ ನಡುವೆ ಐದು ತಿಂಗಳಿಗೂ ಹೆಚ್ಚು ಅಂತರವಿದೆ. 6 ತಿಂಗಳು ತುಂಬಿ ಮಗುವಿಗೆ ತಾಯಿಹಾಲಿನ ಜೊತೆ ಮೇಲಾಹಾರ ಆರಂಭಿಸುವುದೂ ಇದೇ ಸಮಯದಲ್ಲಿ. ಆಹಾರ ಸಾಲದೆ ಹೋದರೆ ತೂಕ ಏರುವುದು ನಿಲ್ಲುತ್ತದೆ. ದಿನವೂ ಮಗುವನ್ನು ಎತ್ತಿಕೊಳ್ಳುವ ನಮ್ಮ ಗಮನಕ್ಕೆ ಅದು ಬರುವುದೇ ಇಲ್ಲ.

ಆದುದರಿಂದ ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಮಗುವನ್ನು ತೂಗಿಸೋಣ. ತಾಯಿ ಕಾರ್ಡಿನ ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆ ಇಟ್ಟು ಹಿಂದಿನದಕ್ಕೆ ಸೇರಿಸೋಣ. ಹೆಣ್ಣು, ಗಂಡು ಮಕ್ಕಳ ನಕ್ಷೆಗಳು ಬೇರೆ ಬೇರೆ. ಸಾಮಾನ್ಯವಾಗಿ ಹುಟ್ಟಿದಾಗ 3 ಕಿಲೋ ಇದ್ದ ಮಗು 5-6 ತಿಂಗಳಲ್ಲಿ 6 ಕಿಲೋ, ವರ್ಷ ತುಂಬುವಾಗ ಸುಮಾರು 9 ಕಿಲೋ ತೂಗುತ್ತದೆ. ಆದರೆ ನೆರೆಮನೆಯ ಮಗುವಿನೊಡನೆ ಹೋಲಿಕೆ ಬೇಡ. ನಮ್ಮ ಮಗುವಿನ ಗೆರೆ ಮೇಲೇರುತ್ತಿದೆಯೇ ಎಂಬುದೇ ಮುಖ್ಯ.

ಮನೆಯ ತಕ್ಕಡಿಯಲ್ಲಿ ಮಗುವನ್ನು ಎತ್ತಿಕೊಂಡು ತೂಗಿ, ನಮ್ಮ ತೂಕ ಕಳೆದು ನೋಡಬಹುದು. ಇದರಲ್ಲಿ ನೂರಿನ್ನೂರು ಗ್ರಾಂ ವ್ಯತ್ಯಾಸ ಸಹಜ. ಅದಕ್ಕಾಗಿ ಗಾಬರಿ ಬೇಡ.

ಗೆರೆ ಸಮತಟ್ಟಾದರೆ ಅಥವಾ ಕೆಳಗಿಳಿದರೆ ಮುಂದಿನ ಲಸಿಕೆಯವರೆಗೆ ಕಾಯದೆ ವೈದ್ಯರಿಗೆ ತೋರಿಸೋಣ. ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಅಥವಾ ಮೂತ್ರ ತೀರಾ ಕಡಿಮೆಯಾದರೆ ಅಂದೇ ಕರೆದೊಯ್ಯಬೇಕು. ಹೋಗುವಾಗ ಕಾರ್ಡು ಜೊತೆಗಿರಲಿ.